ಪರಿಮಳದ ರೋಡೋಡೆಂಡ್ರನ್: ನಂಬಿಕೆ ಎಷ್ಟು, ನಿಜ ಎಷ್ಟು?

ಚಳಿಗಾಲ ಮುಗಿಯುವ ಹೊತ್ತಿಗೆ ಊಟಿಯ ದೊಡ್ಡಬೆಟ್ಟದ ಕಡೆ ಹೋದವರು ಕೆಂಪು ಹೂಗೊಂಚಲು ಹೊತ್ತು ನಿಂತ, ಗಂಟುಗಂಟಾದ ಮರಗಳನ್ನು ನೋಡಿರುತ್ತಾರೆ. ಅದು ರೋಡೋಡೆಂಡ್ರನ್ ಆರ್ಬೋರಿಯಂ. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ರೋಡೋಡೆಂಡ್ರನ್ ಅದೊಂದೇ. ನಮ್ಮಲ್ಲಿ ಹೆಚ್ಚಿನವರಿಗೆ ಈ ಕುಲದ ಪರಿಚಯ ಅಲ್ಲಿಗೇ ಮುಗಿಯುತ್ತದೆ. ಆದರೆ ಸುಮಾರು ಸಾವಿರ ಪ್ರಭೇದಗಳಿರುವ ಈ ದೊಡ್ಡ ಬಳಗದಲ್ಲಿ ಇನ್ನೊಂದು ಕವಲಿದೆ. ಬಿಳಿ ಹೂವು, ಗಾಢ ಪರಿಮಳ, ವರ್ಷವಿಡೀ ಹಸಿರು ಎಲೆ, ಹೆಪ್ಪುಗಟ್ಟುವ ಚಳಿ ತಾಳದ ಮೈ ಈ ಕವಲಿನ ಗಿಡಗಳ ಲಕ್ಷಣ. ಸಸ್ಯವಿಜ್ಞಾನಿಗಳು ಇವನ್ನು ಮ್ಯಾಡೇನಿಯಾ ಮತ್ತು ಅದರ ಹತ್ತಿರದ ಗುಂಪುಗಳಲ್ಲಿ ಸೇರಿಸುತ್ತಾರೆ. ಸಿಕ್ಕಿಂ, ಭೂತಾನ್, ಅರುಣಾಚಲ, ಖಾಸಿ ಬೆಟ್ಟ, ಮ್ಯಾನ್ಮಾರ್, ಚೀನಾದ ಯುನ್ನಾನ್ ಈ ಗಿಡಗಳ ತವರು.

ಈ ಪೈಕಿ ತೋಟಗಳಲ್ಲಿ ಅತಿ ಹೆಚ್ಚು ಹೆಸರಾದದ್ದು 'ಫ್ರೇಗ್ರಂಟಿಸಿಮಮ್'. ಇದರ ತಂದೆ ತಾಯಿ ಎರಡೂ ನಮ್ಮ ದೇಶದ ಕಾಡುಗಿಡಗಳು. ಒಂದು ಖಾಸಿ ಬೆಟ್ಟಗಳ ಫಾರ್ಮೋಸಮ್. ಇನ್ನೊಂದು, ಜೋಸೆಫ್ ಹೂಕರ್ 1848ರಿಂದ 1850ರವರೆಗೆ ಪೂರ್ವ ಹಿಮಾಲಯದಲ್ಲಿ ಅಲೆದಾಗ ಗುರುತಿಸಿ ಹೆಸರಿಟ್ಟ ಎಡ್ಜ್‌ವರ್ತಿಐ. ಇವೆರಡರ ಸಂಕರವನ್ನು ಲಂಡನ್ನಿನ ರಾಲಿಸನ್ ನರ್ಸರಿ ಬೆಳಕಿಗೆ ತಂದಿತು. 1868ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದಕ್ಕೆ ಪ್ರಥಮ ದರ್ಜೆಯ ಪ್ರಶಸ್ತಿಪತ್ರ ಕೊಟ್ಟಿತು. ಇಂದು ಅದು ಕಾರ್ನ್‌ವಾಲ್, ಐರ್ಲೆಂಡ್, ನ್ಯೂಜಿಲೆಂಡ್, ಕ್ಯಾಲಿಫೋರ್ನಿಯಾದ ಕರಾವಳಿಯಂಥ ತಂಪು ಸೀಮೆಗಳಲ್ಲಿ ಬಯಲಲ್ಲೇ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್‌ನಲ್ಲಿರುವ ಮೆಂಡೊಸಿನೊ ಕೋಸ್ಟ್ ಸಸ್ಯೋದ್ಯಾನ ಇಂಥ ಸೂಕ್ಷ್ಮ ರೋಡೋಡೆಂಡ್ರನ್‌ಗಳಿಗೇ ಹೆಸರುವಾಸಿ. ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಮನೆ ಮಾಡಿರುವ ಕನ್ನಡಿಗರಿಗೂ ಇದು ಕೈಗೆಟುಕುವ ಗಿಡ.

ಆಸೆಪಟ್ಟು ತಂದ ಗಿಡ ಎರಡು ವರ್ಷದಲ್ಲಿ ಒಣಗಿಹೋಯಿತೆಂದು ಹೇಳುವವರು ಬಹಳ. ಅವರಲ್ಲಿ ಹೆಚ್ಚಿನವರು ಗಿಡವನ್ನು ಕಡೆಗಣಿಸಿದವರಲ್ಲ, ಅತಿಯಾಗಿ ಉಪಚರಿಸಿದವರು. ಆ ಉಪಚಾರದ ಹಿಂದೆ ಬಾಯಿಂದ ಬಾಯಿಗೆ ಬಂದ ತಪ್ಪು ನಂಬಿಕೆಗಳಿರುತ್ತವೆ. ಗಿಡದ ತವರು ಎಂಥದ್ದೆಂದು ತಿಳಿದರೆ ಅವೆಲ್ಲ ಒಂದೊಂದಾಗಿ ಕಳಚುತ್ತವೆ.

ತಪ್ಪು ಕಲ್ಪನೆ: ರೋಡೋಡೆಂಡ್ರನ್ ಹೂವಿಗೆ ಪರಿಮಳವೇ ಇಲ್ಲ

ಸತ್ಯ: ನೀಲಗಿರಿಯ ಕೆಂಪು ಹೂವಿಗೆ ವಾಸನೆಯಿಲ್ಲದಿರುವುದು ನಿಜ. ಅದು ಹಕ್ಕಿಗಳನ್ನು ಕರೆಯುವ ಹೂವು. ಅದಕ್ಕೆ ಬಣ್ಣ ಮತ್ತು ಮಕರಂದ ಸಾಕು. ಮ್ಯಾಡೇನಿಯಾ ಬಳಗದ ಬಿಳಿ ಹೂಗಳು ಕತ್ತಲಲ್ಲಿ ಹಾರಾಡುವ ಪತಂಗಗಳಿಗೆಂದು ಅರಳುತ್ತವೆ ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಇರುಳಲ್ಲಿ ದಾರಿ ತೋರಿಸಬೇಕಾದದ್ದು ಪರಿಮಳವೇ. ಫ್ರೇಗ್ರಂಟಿಸಿಮಮ್‌ನ ಮೊಗ್ಗು ನಸುಗುಲಾಬಿ. ಅರಳಿದಾಗ ಅಗಲ ಬಾಯಿಯ ಬಿಳಿ ಆಲಿಕೆ, ಗಂಟಲಲ್ಲಿ ಹಳದಿ ಛಾಯೆ. ಪರಿಮಳದಲ್ಲಿ ಲಿಲ್ಲಿ ಹೂವಿನ ಸಿಹಿಯ ಜೊತೆ ಜಾಯಿಕಾಯಿಯ ಖಾರವೂ ಇರುತ್ತದೆ.

ಒಂದು ಎಚ್ಚರಿಕೆ: ಬಿಳಿ ಹೂವೆಲ್ಲ ಪರಿಮಳದ್ದಲ್ಲ. ಹೆಸರಿನ ಚೀಟಿ ನೋಡಿ ಕೊಳ್ಳುವುದಕ್ಕಿಂತ, ವಸಂತದಲ್ಲಿ ಹೂವಿರುವಾಗಲೇ ನರ್ಸರಿಗೆ ಹೋಗಿ ಮೂಸಿ ಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಹಿಮಾಲಯದ ಗಿಡ, ಎಂಥ ಚಳಿಯನ್ನೂ ತಡೆದುಕೊಳ್ಳುತ್ತದೆ

ಸತ್ಯ: ಹಿಮಾಲಯವೆಂದರೆ ಬರೀ ಹಿಮವಲ್ಲ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಹಿಮದಡಿ ಮಲಗಿ ಬದುಕುವ ಕುಳ್ಳ ರೋಡೋಡೆಂಡ್ರನ್‌ಗಳೂ ಇವೆ. ಅವು ನಿಜಕ್ಕೂ ಗಟ್ಟಿ. ಪರಿಮಳದ ಪ್ರಭೇದಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ಕೆಳಗೆ, ಓಕ್ ಮತ್ತು ಮ್ಯಾಗ್ನೋಲಿಯಾ ಮರಗಳ ಮಂಜುಗಾಡಿನಲ್ಲಿರುತ್ತವೆ. ಅಲ್ಲಿ ಬೇಸಿಗೆಯಲ್ಲೂ ಸೆಕೆಯಿಲ್ಲ, ಚಳಿಗಾಲದಲ್ಲೂ ಗಡ್ಡೆಗಟ್ಟುವ ಚಳಿ ಅಪರೂಪ.

ಫ್ರೇಗ್ರಂಟಿಸಿಮಮ್ ಸುಮಾರು ಮೈನಸ್ 6 ಡಿಗ್ರಿ ಸೆಲ್ಸಿಯಸ್‌ವರೆಗೆ, ಅದೂ ಸ್ವಲ್ಪ ಹೊತ್ತಿನ ಮಟ್ಟಿಗೆ, ತಾಳೀತು. ಗಿಡ ಬದುಕಿದರೂ ಮೊಗ್ಗು ಅದಕ್ಕೂ ಮೊದಲೇ ಸುಟ್ಟುಹೋಗುತ್ತದೆ. ಚಿಗುರುವ ಕಾಲದಲ್ಲಿ ಬಿದ್ದ ಚಳಿಗೆ ಬುಡದ ತೊಗಟೆ ಸೀಳುವುದೂ ಉಂಟು. ಹಾಗಾಗಿ ಚಿಕಾಗೋ, ಟೊರಾಂಟೊಗಳ ಹಿತ್ತಿಲಿಗೆ ಇದು ಹೊಂದದು. ಅಂಥ ಊರಲ್ಲಿ ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಹೀಟರ್ ಇಲ್ಲದ, ಬೆಳಕು ಬೀಳುವ ತಣ್ಣನೆಯ ಕೋಣೆಯಲ್ಲೋ ಗಾಜಿನ ಮನೆಯಲ್ಲೋ ಇಡಬೇಕು. ಬೆಚ್ಚನೆಯ ಹಾಲ್‌ನಲ್ಲಿ ಇಟ್ಟರೆ ಒಣಗಾಳಿಗೆ ಎಲೆ ಮುದುಡಿ, ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ.

ತಪ್ಪು ಕಲ್ಪನೆ: ಹಿತವಾದ ಹವೆಯ ಬೆಂಗಳೂರಿನಲ್ಲಿ ಸುಲಭವಾಗಿ ಬರುತ್ತದೆ

ಸತ್ಯ: ನಮಗೆ ಹಿತವಾದದ್ದು ಈ ಗಿಡಕ್ಕೆ ಬಿಸಿ. ಬೆಂಗಳೂರಿನ ಏಪ್ರಿಲ್ ಹಗಲು 34 ಡಿಗ್ರಿ ಮುಟ್ಟುತ್ತದೆ, ರಾತ್ರಿಯೂ ಸಾಮಾನ್ಯವಾಗಿ 20ರ ಕೆಳಗೆ ಇಳಿಯುವುದಿಲ್ಲ. ತಂಪು ರಾತ್ರಿಗಳಿಲ್ಲದೆ ಇದು ಸೊರಗುತ್ತದೆ. ಜೊತೆಗೆ ಬೋರ್‌ವೆಲ್‌ನ ಗಡಸು ನೀರು. ಊಟಿ, ಕೊಡೈಕೆನಾಲ್ ಎತ್ತರದಲ್ಲಿ ಮನೆಯಿದ್ದವರು ಧೈರ್ಯವಾಗಿ ಪ್ರಯತ್ನಿಸಬಹುದು.

ನ್ಯೂಗಿನಿ, ಬೋರ್ನಿಯೊ, ಮಲಯಾ ಬೆಟ್ಟಗಳಿಂದ ಬಂದ ವಿರೇಯಾ ಎಂಬ ಉಷ್ಣವಲಯದ ರೋಡೋಡೆಂಡ್ರನ್‌ಗಳೂ ಇವೆ, ಸುಮಾರು 300 ಪ್ರಭೇದ. ಜಾಸ್ಮಿನಿಫ್ಲೋರಂ, ಕೊನೋರಿಯಂಥವು ಪರಿಮಳದ ಹೂ ಬಿಡುತ್ತವೆ. ಮಡಿಕೇರಿಯಂಥ ತಂಪು ಊರಿನ ಆಸಕ್ತರು ಪರೀಕ್ಷಿಸಬಹುದಾದದ್ದು ಇವನ್ನು. ಬೆಂಗಳೂರಿನ ಅಂಗಳಕ್ಕೆ ಸಂಪಿಗೆ, ಪಾರಿಜಾತ, ಸೂಜಿಮಲ್ಲಿಗೆಗಳಿವೆ. ಅವು ಕೊಡುವ ಪರಿಮಳಕ್ಕೆ ಯಾವ ಕೊರತೆಯೂ ಇಲ್ಲ.

ತಪ್ಪು ಕಲ್ಪನೆ: ಆಳವಾದ ಗುಂಡಿ, ತುಂಬ ಗೊಬ್ಬರ ಕೊಟ್ಟು ಬುಡ ಮುಚ್ಚಿ ನೆಡಬೇಕು

ಸತ್ಯ: ಎಲ್ಲಕ್ಕಿಂತ ಹೆಚ್ಚು ಗಿಡಗಳನ್ನು ಕೊಲ್ಲುವ ನಂಬಿಕೆ ಇದು. ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡಿದ ಕೈ ಇಲ್ಲೂ ಹಾಗೆಯೇ ತೋಡಲು ಹೋಗುತ್ತದೆ.

ಫ್ರೇಗ್ರಂಟಿಸಿಮಮ್‌ಗೆ ಜನ್ಮ ಕೊಟ್ಟ ಎಡ್ಜ್‌ವರ್ತಿಐ ಕಾಡಿನಲ್ಲಿ ಎಷ್ಟೋ ಕಡೆ ನೆಲದ ಮೇಲೆ ಬೆಳೆಯುವುದೇ ಇಲ್ಲ. ನಮ್ಮ ಮಲೆನಾಡಿನ ಮರಗಳ ಮೇಲೆ ಸೀತಾಳೆದಂಡೆ ಕೂತ ಹಾಗೆ, ಅದು ದೊಡ್ಡ ಮರದ ಕವಲಲ್ಲಿ, ಪಾಚಿ ಕಟ್ಟಿದ ಬಂಡೆಯ ಮೇಲೆ ಕೂರುತ್ತದೆ. ಇದು ಬಂದಳಿಕೆಯಲ್ಲ; ಆಸರೆ ಕೊಟ್ಟ ಮರದಿಂದ ಹನಿ ರಸವನ್ನೂ ಹೀರುವುದಿಲ್ಲ. ಒಂದು ಬೊಗಸೆ ಪಾಚಿ, ಕೊಳೆತ ದರಗು, ತೊಗಟೆಯ ಚೂರು ಅಷ್ಟೇ ಅದರ ಹೊಲ. ಸುರಿದ ಮಳೆ ಕ್ಷಣದಲ್ಲಿ ಹರಿದುಹೋಗುತ್ತದೆ, ಮಂಜು ಮತ್ತೆ ಮತ್ತೆ ತೇವ ತರುತ್ತದೆ, ಬೇರಿನ ಸುತ್ತ ಗಾಳಿ ಸದಾ ಆಡುತ್ತಿರುತ್ತದೆ.

ನರ್ಸರಿಯ ಕುಂಡದಿಂದ ಗಿಡವನ್ನು ಜಾರಿಸಿ ಬೇರು ನೋಡಿ. ತಾಯಿಬೇರು ಎಂಬುದೊಂದು ಕಾಣುವುದಿಲ್ಲ. ಕೂದಲಿಗಿಂತ ತೆಳ್ಳಗಿನ ಕಂದು ಎಳೆಗಳು ಒತ್ತಾಗಿ ಹೆಣೆದು ಚಾಪೆಯಂತಾಗಿರುತ್ತವೆ. ಈ ಎಳೆಗಳು ಗಟ್ಟಿ ಜೇಡಿಮಣ್ಣನ್ನು ಸೀಳಲಾರವು. ಆಳಕ್ಕಿಳಿಯದೆ ಮೇಲಿನ ಒಂದಡಿಯೊಳಗೇ ಹರಡುತ್ತವೆ. ಅವುಗಳೊಳಗೆ ವಾಸಿಸುವ ಸೂಕ್ಷ್ಮ ಶಿಲೀಂಧ್ರಗಳು ಕೊಳೆತ ಎಲೆಯಿಂದ ಸಾರ ತೆಗೆದುಕೊಡುತ್ತವೆ.

ಆದ್ದರಿಂದ ಗುಂಡಿ ಬೇಡ, ದಿಬ್ಬ ಬೇಕು. ಜೇಡಿಮಣ್ಣಿನ ಜಾಗವಾದರೆ ನೆಲವನ್ನು ಸ್ವಲ್ಪ ಕೆದಕಿ, ಅದರ ಮೇಲೆ ಪೈನ್ ತೊಗಟೆಯ ಚೂರು, ಎಲೆಗೊಬ್ಬರ, ಪ್ಯೂಮಿಸ್ ಅಥವಾ ಪರ್ಲೈಟ್ ಬೆರೆಸಿದ ಒಂದಡಿ ಎತ್ತರದ ಮಡಿ ಕಟ್ಟಿ. ಕುಂಡದಲ್ಲಿ ಸುತ್ತು ಹಾಕಿಕೊಂಡ ಬೇರಿನ ಹೊರಪದರವನ್ನು ಬೆರಳಿಂದ ಬಿಡಿಸಿ. ಬೇರಿನ ಮುದ್ದೆಯ ಮೇಲ್ಭಾಗ ಮಡಿಯ ಮಟ್ಟಕ್ಕಿಂತ ಎರಡು ಬೆರಳು ಎತ್ತರದಲ್ಲಿರಲಿ. ಮಣ್ಣು ಕುಸಿದ ಮೇಲೂ ಅದು ತಗ್ಗಿಗೆ ಇಳಿಯಬಾರದು. ಮೇಲೆ ದರಗಿನ ಹೊದಿಕೆ ಹಾಸಿ, ಕಾಂಡದ ಸುತ್ತ ಮಾತ್ರ ಒಂದು ಅಂಗೈ ಜಾಗ ಬಿಡಿ. ಬುಡದ ಮಣ್ಣನ್ನು ಕುಂಟೆಯಿಂದ ಕೆರೆಯಬೇಡಿ. ಬೇರು ಇರುವುದೇ ಅಲ್ಲಿ.

ತಪ್ಪು ಕಲ್ಪನೆ: ಎಲೆ ಜೋತುಬಿದ್ದರೆ ನೀರು ಸಾಲದು ಎಂದರ್ಥ

ಸತ್ಯ: ನೀರು ಸಾಲದಿದ್ದಾಗ ಎಲೆ ಜೋಲುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಹಾಗೆಯೇ ಜೋಲುತ್ತದೆ. ಬೆಚ್ಚಗಿನ, ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರಾ ಎಂಬ ರೋಗಕಾರಕ ಜೀವಿ ಹಬ್ಬುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗ ತರುವುದು ಇದೇ ಬಳಗದ್ದು. ಬೇರು ಸತ್ತ ಗಿಡ ಕೆಸರಿನ ಮಧ್ಯೆ ನಿಂತೂ ಬಾಯಾರಿ ಒಣಗುತ್ತದೆ. ಅದನ್ನು ಕಂಡು ಗಾಬರಿಯಿಂದ ಇನ್ನಷ್ಟು ನೀರು ಸುರಿದರೆ ಕತೆ ಮುಗಿಯಿತು.

ಪೈಪ್ ಹಿಡಿಯುವ ಮೊದಲು ಬೆರಳನ್ನು ಮಣ್ಣಿನೊಳಗೆ ಇಳಿಸಿ ನೋಡಿ. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ನೀರುಣಿಸಿ, ತೇವವಿದ್ದರೆ ಬಿಟ್ಟುಬಿಡಿ. ಹೊಸದಾಗಿ ನೆಟ್ಟ ಗಿಡದಲ್ಲಿ ಸುತ್ತಲಿನ ಮಣ್ಣು ತೇವವಾಗಿದ್ದೂ ನಡುವಿನ ಬೇರುಮುದ್ದೆ ಒಣಗಿರಬಹುದು. ಬೆರಳನ್ನು ಕಾಂಡದ ಹತ್ತಿರವೇ ಇಳಿಸಬೇಕು. ಕ್ಯಾಲಿಫೋರ್ನಿಯಾದ ಮಳೆಯಿಲ್ಲದ ಬೇಸಿಗೆಯಲ್ಲಿ ಈ ಪರೀಕ್ಷೆ ತಪ್ಪಿಸುವಂತಿಲ್ಲ.

ತಪ್ಪು ಕಲ್ಪನೆ: ಕಾಡಿನ ಗಿಡ, ದಟ್ಟ ನೆರಳಲ್ಲೇ ಇರಬೇಕು

ಸತ್ಯ: ದಟ್ಟ ನೆರಳಲ್ಲಿ ಗಿಡ ಬದುಕುತ್ತದೆ, ಹೂ ಮಾತ್ರ ಕಾಣುವುದಿಲ್ಲ. ಮರದ ಕವಲಲ್ಲಿ ಕೂರುವ ಗಿಡ ಅಲ್ಲಿಗೆ ಹತ್ತಿದ್ದೇ ಬೆಳಕಿಗಾಗಿ. ಎತ್ತರದ ಮರದೆಲೆಗಳ ನಡುವಿನಿಂದ ಸೋಸಿ ಬರುವ ಬಿಸಿಲು ಇದಕ್ಕೆ ಸರಿಯಾದದ್ದು. ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರದ ಬದಿಯಲ್ಲಿ ಬೇಸಿಗೆಯೆಲ್ಲ ಮಂಜು ಕವಿಯುವುದರಿಂದ ಹೆಚ್ಚುಕಡಿಮೆ ಪೂರ್ತಿ ಬಿಸಿಲೂ ನಡೆಯುತ್ತದೆ. ಒಳನಾಡಿನ ಸ್ಯಾನ್ ಹೋಸೆಯ ಕಡೆ ಬೆಳಗಿನ ಎಳೆಬಿಸಿಲು ಮತ್ತು ಮಧ್ಯಾಹ್ನದ ನೆರಳು ಬೇಕೇ ಬೇಕು. ಸೀಮೆ ಒಂದೇ ಎನಿಸಿದರೂ ಬೆಟ್ಟದ ಈಚೆ ಆಚೆ ಲೆಕ್ಕ ಬದಲಾಗುತ್ತದೆ.

ತಪ್ಪು ಕಲ್ಪನೆ: ಕಾಫಿ ಚರಟ, ನಿಂಬೆರಸ, ವಿನೆಗರ್ ಹಾಕಿದರೆ ಮಣ್ಣು ಹುಳಿಯಾಗುತ್ತದೆ

ಸತ್ಯ: ಇದಕ್ಕೆ ಹುಳಿ ಮಣ್ಣು ಬೇಕೆಂಬುದು ನಿಜ, ಪಿಎಚ್ 4.5ರಿಂದ 6ರ ನಡುವೆ ಇರಬೇಕು. ದಾರಿ ಮಾತ್ರ ತಪ್ಪು. ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟದಲ್ಲಿ ಹುಳಿ ಹೆಚ್ಚೇನೂ ಇರುವುದಿಲ್ಲ; ಅದು ನೀರಿನೊಂದಿಗೇ ಲೋಟಕ್ಕೆ ಇಳಿದಿರುತ್ತದೆ. ದಪ್ಪಗೆ ಸುರಿದರೆ ಚರಟ ಹಕ್ಕಳೆಯಂತೆ ಗಟ್ಟಿಯಾಗಿ ನೀರನ್ನೇ ತಡೆಯುತ್ತದೆ. ನಿಂಬೆ, ವಿನೆಗರ್‌ಗಳ ಪರಿಣಾಮ ಕೆಲವೇ ದಿನದ್ದು. ಎಳೆಬೇರು ಸುಡುವ ಅಪಾಯ ಬೇರೆ. ಪೈನ್ ಎಲೆ ಒಳ್ಳೆಯ ಹೊದಿಕೆಯೇ ಹೊರತು ಮಣ್ಣಿನ ಗುಣವನ್ನು ಬದಲಿಸುವಷ್ಟು ಶಕ್ತಿ ಅದಕ್ಕಿಲ್ಲ.

ಮಣ್ಣು ಪರೀಕ್ಷಿಸಿ ನೋಡಿ, ಅಗತ್ಯವಿದ್ದರೆ ಗಂಧಕದ ಪುಡಿ ಬೆರೆಸುವುದೇ ನೆಚ್ಚಬಹುದಾದ ಉಪಾಯ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಆಮ್ಲವಾಗಿಸುತ್ತವೆ. ಅದಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ನೆಡುವ ಮೊದಲೇ ಈ ಕೆಲಸ ಆಗಿರಬೇಕು.

ಇದಕ್ಕಿಂತ ಮುಖ್ಯವಾದದ್ದು, ಗೊತ್ತಿಲ್ಲದೆ ಸುಣ್ಣ ಸೇರಿಸದಿರುವುದು. ನಾವು ಹೂಗಿಡಗಳಿಗೆ ಒಲೆಯ ಬೂದಿ, ಮೊಟ್ಟೆಯ ಚಿಪ್ಪು, ಮೂಳೆಪುಡಿ ಹಾಕಿ ಬೆಳೆಸಿದವರು. ಈ ಮೂರೂ ಮಣ್ಣಿನ ಹುಳಿ ತೆಗೆಯುತ್ತವೆ. ಈ ಗಿಡದ ಹತ್ತಿರ ಸುಳಿಯಬಾರದು. ಹೊಸ ಸಿಮೆಂಟ್ ಕುಂಡವೂ ಸುಣ್ಣ ಬಿಡುತ್ತದೆ. ಗಡಸು ನೀರು ಹೊಯ್ಯುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ಹುಳಿ ಇಳಿಯುತ್ತದೆ. ಸಿಯೆರಾ ಬೆಟ್ಟಗಳ ಹಿಮ ಕರಗಿ ಬರುವ ಸ್ಯಾನ್ ಫ್ರಾನ್ಸಿಸ್ಕೋದ ನೀರು ಮೆದು. ಸಾಂಟಾ ಕ್ಲಾರಾ ಕಣಿವೆಯ ಅಂತರ್ಜಲ ಗಡಸು. ಗಡಸು ನೀರಿನ ಊರಿನವರು ಮಾಡಿನ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟು ಇದಕ್ಕೇ ಮೀಸಲಿಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಎಲೆ ಹಳದಿಯಾದರೆ ಗೊಬ್ಬರ ಹಾಕಬೇಕು

ಸತ್ಯ: ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಸದಾ ಹಸಿರಿನ ಗಿಡವೆಂದರೆ ಎಲೆ ಉದುರದ ಗಿಡವೆಂದಲ್ಲ. ಕೆಳಗಿನ ಹಳೆಯ ಎಲೆಗಳು ತಮ್ಮ ಕಾಲ ಮುಗಿಸಿ ಹಳದಿಯಾಗಿ ಬೀಳುವುದು ಸಹಜ. ಅದಕ್ಕೆ ಮದ್ದು ಬೇಡ.

ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೀರುಗಳಂತೆ ಉಳಿದಿದ್ದರೆ ಅದು ಕಬ್ಬಿಣ ಸಿಗದ ಲಕ್ಷಣ. ಆಗಲೂ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಹುಳಿ ಕಡಿಮೆಯಾದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಅಥವಾ ಕೊಳೆತ ಬೇರು ಅದನ್ನು ಹೀರುವುದಿಲ್ಲ. ಕೀಲೇಟೆಡ್ ಕಬ್ಬಿಣ ಸಿಂಪಡಿಸಿದರೆ ಎಲೆ ತಾತ್ಕಾಲಿಕವಾಗಿ ಹಸಿರಾದೀತು. ಪಿಎಚ್ ಮತ್ತು ನೀರು ಬಸಿಯುವಿಕೆ ಸರಿಪಡಿಸದೆ ಕಾಯಿಲೆ ವಾಸಿಯಾಗದು. ಹಸಿ ಸಗಣಿ, ಕೋಳಿಗೊಬ್ಬರ ಬೇರು ಸುಡುತ್ತವೆ. ಹುಳಿ ಮಣ್ಣಿನ ಗಿಡಗಳಿಗೆಂದೇ ಸಿಗುವ ಗೊಬ್ಬರವನ್ನು ಹೂ ಮುಗಿದ ಮೇಲೆ ಸ್ವಲ್ಪವೇ ಕೊಟ್ಟರೆ ಸಾಕು.

ತಪ್ಪು ಕಲ್ಪನೆ: ರೋಡೋಡೆಂಡ್ರನ್‌ಗೆ ಕತ್ತರಿ ಮುಟ್ಟಿಸಬಾರದು

ಸತ್ಯ: ಫ್ರೇಗ್ರಂಟಿಸಿಮಮ್ ಸ್ವಭಾವತಃ ಉದ್ದುದ್ದ, ಬಳುಕುವ ರೆಂಬೆಗಳ ಗಿಡ. ಕೈಹಾಕದೆ ಬಿಟ್ಟರೆ ಬುಡ ಬರಿದಾಗಿ, ತುದಿಗಷ್ಟೇ ಎಲೆ ಉಳಿಯುತ್ತದೆ. ಕತ್ತರಿಸಲೇಬೇಕು, ಕಾಲ ಮಾತ್ರ ತಪ್ಪಬಾರದು. ಮುಂದಿನ ವಸಂತದ ಮೊಗ್ಗು ಈ ವರ್ಷದ ಬೇಸಿಗೆಯ ಕೊನೆಗೇ ಕಟ್ಟಿರುತ್ತದೆ. ಶರತ್ಕಾಲದಲ್ಲೋ ಚಳಿಗಾಲದಲ್ಲೋ ಒಪ್ಪ ಮಾಡಲು ಹೋದರೆ ಹೂವನ್ನೇ ಕತ್ತರಿಸಿದಂತೆ.

ಹೂ ಬಾಡಿದ ಕೂಡಲೇ ಕೆಲಸ ಶುರು ಮಾಡಿ. ಒಣಗಿದ ಗೊಂಚಲಿನ ತೊಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಚಟ್ ಎಂದು ಮುರಿಯುತ್ತದೆ. ಅದರ ಕೆಳಗೇ, ಎಲೆಯ ಕಂಕುಳಲ್ಲಿ, ಅಕ್ಕಿಕಾಳಿನಷ್ಟು ಪುಟ್ಟ ಚೂಪು ಮೊಗ್ಗುಗಳಿರುತ್ತವೆ. ಅವು ಹೊಸ ಚಿಗುರು. ಗೊಂಚಲಿನ ಜೊತೆ ಅವನ್ನೂ ಕಿತ್ತರೆ ಆ ರೆಂಬೆ ಸೊರಗುತ್ತದೆ. ಹೊಸ ಚಿಗುರು ಎಳೆಯದಾಗಿರುವಾಗಲೇ ಕುಡಿ ಚಿವುಟಿದರೆ ಒಂದಿದ್ದ ಕಡೆ ಎರಡು ಮೂರು ರೆಂಬೆ ಒಡೆದು ಗಿಡ ತುಂಬಿಕೊಳ್ಳುತ್ತದೆ. ಬೇಸಿಗೆ ಕೊನೆಯಲ್ಲಿ ತುದಿ ಮೊಗ್ಗುಗಳನ್ನು ಗಮನಿಸಿ: ದುಂಡಗೆ ಉಬ್ಬಿದ್ದು ಹೂವಿನದು, ಸಪೂರವಾಗಿ ಚೂಪಾಗಿರುವುದು ಎಲೆಯದು. ಅಲ್ಲಿಂದ ಮುಂದೆ ಕತ್ತರಿ ಕೆಳಗಿಡಿ. ರೆಂಬೆ ಬಳುಕುವ ಗುಣವನ್ನೇ ಬಳಸಿಕೊಂಡು ಗೋಡೆಯ ಮುಂದೆ ಚಪ್ಪರದ ಜಾಲರಿಗೆ ಹಬ್ಬಿಸುವವರೂ ಇದ್ದಾರೆ. ಗೋಡೆಯ ಸಿಮೆಂಟಿನ ಸುಣ್ಣ ಬೇರಿಗೆ ತಾಗದಂತೆ ಎರಡಡಿ ಈಚೆಗೆ ನೆಡಬೇಕು.

ತಪ್ಪು ಕಲ್ಪನೆ: ಉತ್ತರಾಖಂಡದಲ್ಲಿ ಶರಬತ್ತು ಮಾಡುತ್ತಾರೆ, ಹಾಗಾಗಿ ಹೂ ತಿನ್ನಬಹುದು

ಸತ್ಯ: ಅಲ್ಲಿ ಶರಬತ್ತು ಮಾಡುವುದು ಬುರಾಂಶ್ ಎಂದು ಕರೆಯುವ ಕೆಂಪು ಆರ್ಬೋರಿಯಂ ಹೂವಿನಿಂದ. ಆ ಬಳಕೆಯನ್ನು ಬೇರೆ ಪ್ರಭೇದಗಳಿಗೆ ಎಳೆದು ತರಬಾರದು. ಈ ಕುಲದ ಎಷ್ಟೋ ಗಿಡಗಳ ಎಲೆ, ಹೂ, ಮಕರಂದದಲ್ಲಿ ಗ್ರಯನೋಟಾಕ್ಸಿನ್ ಎಂಬ ವಿಷವಿರುತ್ತದೆ. ಅದು ವಾಂತಿ ತರಿಸಿ, ರಕ್ತದೊತ್ತಡ ಇಳಿಸಿ, ನಾಡಿಬಡಿತ ಕುಗ್ಗಿಸುತ್ತದೆ. ಕ್ರಿ.ಪೂ. 401ರ ಸುಮಾರಿಗೆ ಈಗಿನ ಟರ್ಕಿಯ ಟ್ರಾಬ್‌ಜಾನ್ ಹತ್ತಿರ ಗ್ರೀಕ್ ಸೈನಿಕರು ಅಲ್ಲಿನ ಜೇನು ತಿಂದು ಮತ್ತೇರಿ ಬಿದ್ದ ಪ್ರಸಂಗವನ್ನು ಜೆನೊಫೊನ್ ದಾಖಲಿಸಿದ್ದಾನೆ. ಅದು ರೋಡೋಡೆಂಡ್ರನ್ ಜೇನೆಂದೇ ತಿಳಿಯಲಾಗಿದೆ. ದೇವರ ಪಟಕ್ಕೆ ಹೂವೇರಿಸಲು ಅಡ್ಡಿಯಿಲ್ಲ. ತೀರ್ಥಕ್ಕೆ, ಪಾನಕಕ್ಕೆ ಹಾಕಬೇಡಿ. ಮಕ್ಕಳು, ನಾಯಿಗಳು ಎಲೆ ಅಗಿಯದಂತೆ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಕಾಡಿನಿಂದ ಕಿತ್ತು ತಂದರೆ ಅಸಲಿ ಗಿಡ ಸಿಗುತ್ತದೆ

ಸತ್ಯ: ಸಿಕ್ಕಿಂ, ಮೇಘಾಲಯ ಪ್ರವಾಸಕ್ಕೆ ಹೋದವರಲ್ಲಿ ಕೆಲವರಿಗೆ ಈ ಆಸೆ ಹುಟ್ಟುತ್ತದೆ. ಪಾಚಿ, ಶಿಲೀಂಧ್ರ, ಮಂಜು ಸೇರಿ ಕಟ್ಟಿದ ಬೇರಿನ ಲೋಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಲಾಗುವುದಿಲ್ಲ; ಕಿತ್ತ ಗಿಡ ದಾರಿಯಲ್ಲೇ ಸೋಲುತ್ತದೆ. ಸಿಕ್ಕಿಂನ ಬರ್ಸೆಯಂಥ ರೋಡೋಡೆಂಡ್ರನ್ ಅಭಯಾರಣ್ಯಗಳಲ್ಲಿ ಕೀಳುವುದು ಅಪರಾಧವೂ ಹೌದು. ಫ್ರೇಗ್ರಂಟಿಸಿಮಮ್‌ನಂಥ ತಳಿ ಕಡ್ಡಿಯಿಂದ ಬೇರೊಡೆಸಿದರೆ ತಾಯಿಗಿಡದ ಪಡಿಯಚ್ಚು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ತೋಟದಿಂದ ತೋಟಕ್ಕೆ ಸಾಗಿ ಬಂದದ್ದು ಹಾಗೆಯೇ.

ಗಿಡ ಕೊಳ್ಳುವ ಮೊದಲು ನಿಮ್ಮ ಊರಿನ ಮೂರು ಸಂಗತಿ ತಿಳಿದುಕೊಳ್ಳಿ: ಚಳಿಗಾಲದ ಅತಿ ತಣ್ಣನೆಯ ರಾತ್ರಿ ಎಷ್ಟು ಡಿಗ್ರಿ, ಬೇಸಿಗೆಯ ರಾತ್ರಿ ಎಷ್ಟು ತಂಪು, ನಲ್ಲಿಯ ನೀರು ಮೆದುವೋ ಗಡಸೋ. ಮೂರೂ ಹೊಂದಿದರೆ ಎತ್ತರದ ಮಡಿ ಕಟ್ಟಿ ನೆಡಿ. ಒಂದು ಮಾತ್ರ ತಪ್ಪಿದರೆ ಕುಂಡದಲ್ಲಿ ಬೆಳೆಸಿ. ಒಂದಕ್ಕಿಂತ ಹೆಚ್ಚು ತಪ್ಪಿದರೆ ನಿಮ್ಮ ಮಣ್ಣಿಗೆ ಒಗ್ಗುವ ಬೇರೆ ಪರಿಮಳದ ಗಿಡ ಹುಡುಕಿ. ಗಿಡವನ್ನು ಪ್ರೀತಿಸುವವರು ಅದು ಬದುಕಲಾರದ ಜಾಗಕ್ಕೆ ಅದನ್ನು ತರುವುದಿಲ್ಲ.